ಏಟಿಗಿಂತ ಮೊದಲೇ ಬೀಳುತ್ತಿದ್ದ ಮಾಳವ್ವ

ಕೊರೊನಾದಲ್ಲಿ ಮುಚ್ಚಿದ್ದ ಚಿತ್ರಮಂದಿರಗಳು ಮತ್ತೆ ತೆರೆದ ಮರುವರ್ಷ ನಾನು ಒಂದು ಚಿತ್ರಕ್ಕೆ ಸಾಹಸ ನಿರ್ದೇಶಕಿಯಾಗಿದ್ದೆ. ಜನ ಫೈಟ್ ಮಾಸ್ಟರ್ ಅನ್ನುವ ಹುದ್ದೆ ಅದು. ಸೋಲಾಪುರದ ನವಿ ಪೇಠದಲ್ಲಿ ಅಪ್ಪನಿಗೆ ಬಟ್ಟೆ ಅಂಗಡಿ. ಅಂಗಡಿಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ. ನಾನು ಓದಿದ್ದು ಇತಿಹಾಸದಲ್ಲಿ ಎಂ.ಎ., ಹೊಟ್ಟೆಗೆ ಅನ್ನ ಹಾಕಿದ್ದು ಕಾಲೇಜಿನಲ್ಲಿ ಕಲಿತ ಜೂಡೋ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಪೂರ್ತಿ ನಂಬಬಾರದೆಂದು ಇತಿಹಾಸ ಕಲಿಸಿತ್ತು. ಈ ಪ್ರಕರಣದಲ್ಲಿ ಆ ಒಬ್ಬ ಸಾಕ್ಷಿ ನಾನೇ. ದಿನಚರಿ ಬರೆಯುವ ಅಭ್ಯಾಸವಿದ್ದರೂ ಬರೆದದ್ದು ನಡೆದದ್ದೇ ಎಂದು ಹೇಳುವ ಧೈರ್ಯ ನನಗಿಲ್ಲ. ಅನುಮಾನವಿದ್ದಲ್ಲಿ ಅನುಮಾನವೆಂದೇ ಹೇಳುತ್ತೇನೆ.

ಚಿತ್ರದ ಕಥೆ ಸರಳ. ಮಗ್ಗದ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸು, ತನ್ನ ತಮ್ಮನನ್ನು ಲಾರಿ ಹಾಯಿಸಿ ಕೊಂದ ಮರಳು ದಂಧೆಯವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಹೊಡೆಯುತ್ತಾಳೆ. ನಾಯಕಿ ಮುಂಬೈಯವಳು, ಕಷ್ಟಪಟ್ಟು ಕಲಿಯುತ್ತಿದ್ದಳು. ಆದರೆ ವಿಮೆಯವರು ಅವಳನ್ನು ಎತ್ತರದಿಂದ ಹಾರಿಸಲು, ನೆಲಕ್ಕೆ ಕೆಡವಲು ಬಿಡುತ್ತಿರಲಿಲ್ಲ. ಅಂಥ ಕಡೆ ಅವಳ ಬಟ್ಟೆ ತೊಟ್ಟು, ಕ್ಯಾಮೆರಾಗೆ ಬೆನ್ನು ಕೊಟ್ಟು ಪೆಟ್ಟು ತಿನ್ನುವವರನ್ನು ಬಾಡಿ ಡಬಲ್ ಎನ್ನುತ್ತೇವೆ. ಮೊದಲು ಗೊತ್ತುಮಾಡಿದ್ದ ಡಬಲ್ ಕಾಲು ಮುರಿದುಕೊಂಡಿದ್ದಳು.

ಮಾಳವ್ವ ಸಿಕ್ಕಿದ್ದು ಅಕ್ಕಲಕೋಟೆ ಹತ್ತಿರದ ಕುರನೂರಿನಲ್ಲಿ. ಡ್ಯಾಮಿನ ಏರಿಯ ಮೇಲೆ ಒಂದು ದೃಶ್ಯಕ್ಕೆ ಕುರಿ ಬೇಕಾಗಿದ್ದವು. ಕುರಿಯ ಜೊತೆ ಬಂದವಳು ಅವಳು. ಲಾರಿಯ ಹಾರ್ನಿಗೆ ಬೆದರಿ ಒಂದು ಮರಿ ಇಳಿಜಾರಿಗೆ ಓಡಿತು. ಮಾಳವ್ವ ಸೀರೆಯ ಕಚ್ಚೆ ಎಳೆದುಕೊಂಡು ಏರಿಯಿಂದ ಹಾರಿ, ಕಲ್ಲುಗಳ ಮೇಲೆ ಉರುಳಿ, ಮರಿಯನ್ನು ಅವುಚಿಕೊಂಡೇ ಎದ್ದಳು. ಎತ್ತರ ನಾಯಕಿಯದೇ. ನಾನು ಅಲ್ಲೇ ಕೇಳಿದೆ. ಮನೆಯಲ್ಲಿ ಯಜಮಾನಿಕೆ ಅತ್ತೆ ಕಲ್ಲವ್ವನದು. ದಿನಕ್ಕಿಷ್ಟು ಎಂದು ಮಾತಾದ ಮೇಲೆ ಮುದುಕಿ ಹೂಂ ಅಂದಳು. ಗಂಡ ಬೀರಪ್ಪ ಕುರಿ ಹೊಡೆದುಕೊಂಡು ಹೋದ.

ನಮ್ಮ ಕೆಲಸದ ಒಂದು ಗುಟ್ಟು ಹೇಳಬೇಕು. ಸಿನಿಮಾದ ಏಟು ತಾಗುವುದಿಲ್ಲ. ಮುಷ್ಟಿ ಮುಖದ ಮುಂದೆ ಒಂದು ಗೇಣು ದೂರದಲ್ಲಿ ಹಾದುಹೋಗುತ್ತದೆ, ಆ ಸಂದು ಕಾಣದ ಹಾಗೆ ಕ್ಯಾಮೆರಾ ಇಡುತ್ತೇವೆ, ಸದ್ದನ್ನು ಆಮೇಲೆ ಸೇರಿಸುತ್ತೇವೆ. ಏಟನ್ನು ನಿಜ ಮಾಡುವವರು ಬೀಳುವವರು. ಕೈ ಹಾದುಹೋಗುವ ಗಳಿಗೆಗೆ ಸರಿಯಾಗಿ ಅವರ ತಲೆ ತಿರುಗಬೇಕು. ತಡವಾದರೆ ಸುಳ್ಳೆಂದು ಗೊತ್ತಾಗುತ್ತದೆ, ಮೊದಲೇ ಆದರೂ ಅಷ್ಟೇ.

ಮಾಳವ್ವ ಬೀಳುವುದನ್ನು ನೋಡಿ ಇಡೀ ತಂಡ ಬೆರಗಾಯಿತು. ಗದ್ದವನ್ನು ಎದೆಗೆ ಒತ್ತಿ, ಎಡಗೈಯನ್ನು ಕಿವಿಯ ಮೇಲಿಟ್ಟು, ಮಂಡಿ ಮಡಚಿ ಪಕ್ಕಕ್ಕೆ ಬೀಳುತ್ತಿದ್ದಳು. ಉಳಿದವರಿಗೆ ನಾನು ತಿಂಗಳುಗಟ್ಟಲೆ ಕಲಿಸಿದ್ದು ಅದನ್ನೇ. ಅವಳಲ್ಲಿದ್ದದ್ದು ಒಂದೇ ದೋಷ: ಕೈ ಬರುವುದಕ್ಕಿಂತ ಒಂದು ಕೂದಲೆಳೆಯಷ್ಟು ಮೊದಲೇ ಬೀಳುತ್ತಿದ್ದಳು.

"ಎಲ್ಲಿ ಕಲ್ತಿ ಇದನ್ನ?" ಅಂತ ಕೇಳಿದೆ.

"ಎಲ್ಲಿ ಕಲೀತಾರ್ರಿ ಅಕ್ಕಾ, ಮನ್ಯಾಗ," ಅಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳೆಂದು ನೆನಪು. ಅವಳ ನಗೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಲಿಕ್ಕೂ ಸಾಕು.

ಚಿತ್ರದ ನಡುವೆ ನಾಯಕಿ ಶತ್ರುಗಳ ಕೈಗೆ ಸಿಕ್ಕಿಬೀಳುವ ದೃಶ್ಯವಿದೆ. ಸೋಲಾಪುರದ ಹಳೆಯ ಮಗ್ಗದ ಶೆಡ್ಡಿನಲ್ಲಿ ಅದನ್ನು ತೆಗೆದೆವು. ಹೊಡೆಯುವವರು ಮೂವರು, ಅವರ ಮುಂದಾಳು ಸಲೀಂ ಭಾಯಿ ಎಂಬ ಹಳೆಯ ಫೈಟರ್. ಕೆನ್ನೆಗೆ ಹೊಡೆತ, ಹೊಟ್ಟೆಗೆ ಒದೆತ, ಬೆನ್ನಿಗೆ ರಬ್ಬರಿನ ಸಲಾಕೆ. ಕೊನೆಗೆ ಕೂದಲು ಹಿಡಿದೆಳೆದು ನೂಲು ಸುತ್ತಿದ ಕಬ್ಬಿಣದ ಉರುಳೆಗೆ ತಲೆ ಜಪ್ಪುವುದು. ಸಕ್ಕರೆ ಪಾಕದ ರಕ್ತಕ್ಕೆ ನೊಣ ಮುತ್ತುತ್ತಿದ್ದವು. ಒಂದು ಟೇಕಿನಲ್ಲಿ ಮಾಳವ್ವ ಬಿದ್ದವಳು ಏಳುವಾಗ ಅವಳ ಮೊಣಕೈ ತಾಗಿ ಸಲೀಂ ಭಾಯಿಯ ಮೂಗು ನಿಜವಾಗಿಯೇ ಒಡೆಯಿತು. ಆತ ಮೂಗಿಗೆ ಹತ್ತಿ ತುರುಕಿಕೊಂಡು ಬಂದ.

"ಬಾಯಿ, ನೀ ಹೀರೋಯಿನ್ ಅಲ್ಲ, ವಿಲನ್ ಇದ್ದಿ," ಅಂದ.

"ನೀವ ಮಾರಿ ಅಡ್ಡ ತಂದ್ರಿ ಭಾಯಿ," ಅಂದಳು ಮಾಳವ್ವ.

ಅವಳ ಮೊದಲೇ ಬೀಳುವ ದೋಷವನ್ನು ಸಂಕಲನಕಾರ ಅಲ್ಲಲ್ಲಿ ಕತ್ತರಿಸಿ ಸರಿಮಾಡಿದ. ಮೂರು ಕಡೆ ಹಾಗೆಯೇ ಉಳಿಯಿತು. ನಿರ್ದೇಶಕ ತೆಗೆಯಲು ಒಪ್ಪಲಿಲ್ಲ. ಮೈ ಹೀಗೆ ಹೆದರುವುದನ್ನು ತಾನು ಯಾವ ಚಿತ್ರದಲ್ಲೂ ಕಂಡಿಲ್ಲ ಅಂದ.

ಎರಡನೇ ಹಂತದ ಚಿತ್ರೀಕರಣಕ್ಕೆ ಮೊದಲು ನಾನು ಅವಳನ್ನು ಬೇರೆಯಾಗಿ ಕರೆದು ಆ ಅಭ್ಯಾಸ ಬಿಡಿಸಿದೆ. ಎದುರಿಗೆ ನಿಂತು ಕೈ ಬೀಸುತ್ತಿದ್ದೆ. "ನಿಲ್ಲು. ಕೈ ಬರೂತನಾ ನಿಲ್ಲು. ಕಣ್ಣು ಮುಚ್ಚಬ್ಯಾಡ." ಮೊದಮೊದಲು ನನ್ನ ಭುಜ ಅಲುಗಿದರೆ ಸಾಕು, ಅವಳು ನೆಲದಲ್ಲಿರುತ್ತಿದ್ದಳು. ಬರಬರುತ್ತಾ ನಿಲ್ಲಲು ಕಲಿತಳು. ಅವಳ ಮೈಮೇಲೆ ಕಲೆಗಳಿದ್ದವು. ನಮ್ಮ ಕಸುಬಿನಲ್ಲಿ ಎಲ್ಲರ ಮೈಮೇಲೂ ಇರುತ್ತವೆ. ಯಾರೂ ಯಾರನ್ನೂ ಕೇಳುವುದಿಲ್ಲ.

ಸೋಲಾಪುರದಲ್ಲಿ ಚಿತ್ರ ಬಿಡುಗಡೆಯಾದ ದಿನ ಮಧ್ಯಾಹ್ನದ ಆಟಕ್ಕೆ ಹೋದೆ. ನಾಯಕಿ ಒಂದೇ ಒದೆತಕ್ಕೆ ಇಬ್ಬರನ್ನು ಗೋಡೆಗೆ ಹಾರಿಸಿದಾಗ ಜನ ನಕ್ಕರು. "ಫ್ಯಾನ್ ಬಂದ್ ಮಾಡ್ರೋ, ಗಂಡಸ್ರು ಹಾರ್ಯಾಡಾಕತ್ತಾರ," ಎಂದು ಯಾರೋ ಕೂಗಿದ. ಚಾಕು ಹೊಟ್ಟೆಗಿಳಿದಾಗಲೂ ನಗೆ. ಮಗ್ಗದ ಶೆಡ್ಡಿನ ದೃಶ್ಯ ಬಂತು. ಮೊದಲ ಹೊಡೆತಕ್ಕೆ ಸಿಳ್ಳೆ, ಎರಡನೆಯದಕ್ಕೆ "ಅಜೂನ್ ಏಕ್" ಎಂಬ ಕೂಗು. ಇನ್ನೊಂದು ಹಾಕು ಎಂದು. ನಾಯಕಿ ಹೊಡೆದಾಗ ಸಿಗದ ಸಿಳ್ಳೆಗಳೆಲ್ಲ ಅವಳು ಪೆಟ್ಟು ತಿನ್ನುವಾಗ ಸಿಕ್ಕವು. ಹೆಂಗಸರು ಕೂತಿದ್ದ ಸಾಲಿನಿಂದ ಒಂದು ಸದ್ದೂ ಇಲ್ಲ. ನನ್ನ ಮುಂದಿದ್ದವಳು ಚಾಕುವಿನ ದೃಶ್ಯಕ್ಕೆ ಮುಚ್ಚದ ಮಗಳ ಕಣ್ಣನ್ನು ಇಲ್ಲಿ ಮುಚ್ಚಿದಳು. ಮರುದಿನಕ್ಕೆ ಆ ದೃಶ್ಯದ ತುಣುಕು ಮೊಬೈಲುಗಳಲ್ಲಿ ಓಡಾಡತೊಡಗಿತು.

ಅಷ್ಟರಲ್ಲಿ ನನಗೆ ಹೈದರಾಬಾದಿನಲ್ಲಿ ಮುಂದಿನ ಕೆಲಸ ಗೊತ್ತಾಗಿತ್ತು. ಮಾಳವ್ವನನ್ನೂ ಕರೆದೊಯ್ಯಬೇಕೆಂದಿದ್ದೆ. ಮೂರು ತಿಂಗಳ ಕೆಲಸ, ಅಲ್ಲಿಯೇ ವಸತಿ. ಅವಳಿಗೆ ಹೋಗಲೇಬೇಕಿತ್ತು, ಎರಡು ಸಲ ಫೋನ್ ಮಾಡಿ ಜಾಗ ಬೇರೆಯವರಿಗೆ ಕೊಡಬೇಡಿ ಅಂದಿದ್ದಳು. ಬೀರಪ್ಪ, "ಸಿನಿಮಾ ನೋಡಿ ಹೇಳತೀನಿ," ಅಂದಿದ್ದ. ಅಕ್ಕಲಕೋಟೆಯಲ್ಲಿ ಚಿತ್ರ ಹಾಕಿದಾಗ, ಹೈದರಾಬಾದಿಗೆ ಹೊರಡುವ ಹಿಂದಿನ ದಿನ, ನಾನೇ ಟಿಕೆಟ್ ತೆಗೆಸಿ ಎಲ್ಲರನ್ನೂ ಕರೆಸಿದೆ. ಬೀರಪ್ಪ ಇಬ್ಬರು ಗೆಳೆಯರೊಂದಿಗೆ ಎರಡು ಸಾಲು ಮುಂದೆ ಕೂತ. ಹಿಂದಿನ ಸಾಲಿನಲ್ಲಿ ನಾನು, ಕಲ್ಲವ್ವ, ಮಾಳವ್ವ.

ಶೆಡ್ಡಿನ ದೃಶ್ಯ ಶುರುವಾಯಿತು. ಅಕ್ಕಲಕೋಟೆಯೂ ಸೋಲಾಪುರದ ಹಾಗೆಯೇ ಸಿಳ್ಳೆ ಹಾಕಿತು. ಬೀರಪ್ಪನೂ ಹಾಕಿದ. ಪರದೆಯ ಮೇಲೆ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಮೂರನೇ ಸಲ ಬಿದ್ದಾಗ ಅವನು ಬಾಯೊಳಗಿನ ಬೆರಳು ತೆಗೆದ. ಗೆಳೆಯರು ಸಿಳ್ಳೆ ಹಾಕುತ್ತಲೇ ಇದ್ದರು. ಅವನು ಒಮ್ಮೆ ತಿರುಗಿ ನಮ್ಮ ಸಾಲಿನತ್ತ ನೋಡಿದ. ಇದನ್ನು ನಾನು ಕಂಡದ್ದು ಖಂಡಿತ. ಆಗ ಪರದೆಯ ಮೇಲೆ ಬೆಳಕಿತ್ತು.

ಕಲ್ಲವ್ವ ನನ್ನ ಕೈ ಹಿಡಿದಳು.

"ಅಕಿ ನಮ್ಮ ಮಾಳಿ ಅಲ್ಲೇನ್ರಿ?"

"ಹೌದವ್ವ. ತಾಗಿಲ್ಲ, ಎಲ್ಲಾ ಸುಳ್ಳು."

"ತಾಗಿದ್ದ ಕೇಳಲಿಲ್ಲ ನಾ. ಬೀಳೂದು ನೋಡಾಕತ್ತೀನಿ. ಅದನ್ನ ಇಕಿಗಿ ನಾ ಕಲಿಸೀನಿ." ಮುದುಕಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಅಂವಾ ಕೈ ಎತ್ತೂದ್ರಾಗ ಬಿದ್ದಬಿಡು, ಅರ್ಧಾ ಪೆಟ್ಟು ಗಾಳಿಗಿ ಹೋಗತಾವ ಅಂತ. ನನಗ ನಮ್ಮತ್ತಿ ಕಲಿಸಿದ್ಳು."

ಆ ಕಡೆ ಮಾಳವ್ವ ಕಡಲೆಕಾಯಿ ಸುಲಿಯುತ್ತಿದ್ದಳು. ನಿಲ್ಲಿಸಲಿಲ್ಲ.

ಆಟ ಬಿಟ್ಟಿತು. ಥೇಟರಿನ ಅಂಗಳದಲ್ಲಿ ಬೈಕುಗಳ ನಡುವೆ ಬೀರಪ್ಪನ ಗೆಳೆಯನೊಬ್ಬ ಅವನ ಹೆಗಲಿಗೆ ಕೈ ಹಾಕಿದ. "ಏ ಬೀರ್ಯಾ, ನಿನ್ನ ಹೇಣ್ತಿ ಭಾರಿ ಹೊಡತ ತಿಂತಾಳಲೇ. ಮನ್ಯಾಗ ರಿಹರ್ಸಲ್ ಮಾಡಸ್ತಿ ಏನ?" ಸುತ್ತಲಿದ್ದವರು ನಕ್ಕರು.

ಬೀರಪ್ಪ ನೇರವಾಗಿ ಮಾಳವ್ವನ ಬಳಿ ಬಂದ.

"ಹೈದರಾಬಾದ ಗೀದರಾಬಾದ ಏನಿಲ್ಲ. ನಡಿ ಮನಿಗಿ."

"ಹೋಗತೀನಿ ನಾ," ಅಂದಳು ಮಾಳವ್ವ.

ಅವನ ಕೈ ಮೇಲೆದ್ದಿತು. ನನ್ನ ಕಣ್ಣು ಕಸುಬಿನ ಕಣ್ಣು. ಆ ಗಳಿಗೆಯಲ್ಲಿ ಅದು ಹುಡುಕಿದ್ದು ಅವಳ ಬೀಳುವಿಕೆಯನ್ನು. ಅವಳು ಬೀಳಲಿಲ್ಲ. ಕಣ್ಣು ತೆರೆದೇ ನಿಂತಿದ್ದಳು. ಸಿನಿಮಾದಲ್ಲಿ ನಾವು ಸೇರಿಸುವ ಸದ್ದಿಗಿಂತ ಸಣ್ಣ ಸದ್ದು, ಒದ್ದೆ ಸದ್ದು. ಹಲ್ಲು ತಾಗಿ ತುಟಿ ಸೀಳಿತು. ನಿಜವಾದ ರಕ್ತ ನಮ್ಮ ಪಾಕದ ಹಾಗೆ ನಿಧಾನವಾಗಿ ಇಳಿಯುವುದಿಲ್ಲ. ಗದ್ದ, ಕುತ್ತಿಗೆ, ಕುಪ್ಪಸ ಕ್ಷಣದಲ್ಲಿ ಕೆಂಪಾದವು. ಯಾರೋ ಒಬ್ಬ ಅದೂ ನಟನೆಯೆಂದುಕೊಂಡು ಸಿಳ್ಳೆ ಹಾಕಿದ. ಅದು ಅರ್ಧಕ್ಕೇ ನಿಂತಿತು.

ಬೀರಪ್ಪ ತನ್ನ ಅಂಗೈ ನೋಡಿಕೊಂಡ. ಅಷ್ಟು ವರ್ಷಗಳಲ್ಲಿ ಆ ಕೈಗೆ ಅವಳ ಮುಖ ಪೂರ್ತಿಯಾಗಿ ಸಿಕ್ಕಿದ್ದು ಅದೇ ಮೊದಲಿರಬೇಕು. ಮತ್ತೆ ಎತ್ತಿದ. ಕಲ್ಲವ್ವ ಆ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು. ಕುರಿಯ ಕಾಲು ಕಟ್ಟುವ ಕೈ ಅದು, ಅವನಿಗೆ ಬಿಡಿಸಿಕೊಳ್ಳಲಾಗಲಿಲ್ಲ.

"ಸಾಕು," ಅಂದಳು. "ನಿಮ್ಮಪ್ಪನ ಕೈಗಿ ನಾ ಬಿದ್ದೀನಿ. ನಿನ್ನ ಕೈಗಿ ಇಕಿಗಿ ಬೀಳೂದ ಕಲಿಸೀನಿ. ಇನ್ನ ಯಾರಿಗೂ ಕಲಿಸೂದಿಲ್ಲ."

ಅವನು, "ಬಿಡವ್ವ, ಮಂದಿ ನೋಡಾಕತ್ತಾರ," ಅಂದ.

"ನೋಡ್ಲಿ. ಒಳಗ ರೊಕ್ಕಾ ಕೊಟ್ಟು ನೋಡ್ಯಾರ, ಇದನ್ನ ಪುಕಟ ನೋಡ್ಲಿ." ಕೈ ಬಿಡದೆಯೇ ನನ್ನ ಕಡೆ ತಿರುಗಿದಳು. "ನಾಳಿ ಗಾಡಿ ಎಷ್ಟಕ್ಕ ಐತ್ರಿ?"

ಈ ಘಟನೆ ನೆನೆದಾಗಲೆಲ್ಲ ಕಲ್ಲವ್ವನ ಜೊತೆ ನಾನೂ ಆ ಮಣಿಕಟ್ಟು ಹಿಡಿದಂತೆ ನನ್ನ ಬೆರಳುಗಳಿಗೆ ನೆನಪಾಗುತ್ತದೆ. ಮಾಳವ್ವ ಬೇರೆ ಹೇಳುತ್ತಾಳೆ. ನಾನು ಬೈಕಿನ ಹತ್ತಿರ ಚೀಲ ಅವುಚಿಕೊಂಡು ನಿಂತಿದ್ದೆನಂತೆ. ಕಣ್ಣು ಮುಚ್ಚದೆ ನಿಂತಿದ್ದವಳು ಅವಳು. ಅವಳ ಸಾಕ್ಷಿಯನ್ನೇ ಒಪ್ಪುತ್ತೇನೆ.

ಆಸ್ಪತ್ರೆಯಲ್ಲಿ ತುಟಿಗೆ ಹೊಲಿಗೆ ಹಾಕಿಸಿದೆವು. ಪೊಲೀಸ್ ಠಾಣೆಗೆ ಹೋಗೋಣವೇ ಎಂದು ಕೇಳಿದೆ. "ಮದಲ ಗಾಡಿ ಹತ್ತೂಣ್ರಿ," ಅಂದಳು. ಮರುದಿನ ರೈಲಿನಲ್ಲಿ ಬಾಯಿಯ ಒಂದೇ ಬದಿಯಿಂದ ಚಹಾ ಹೀರುತ್ತಿದ್ದವಳನ್ನು, ಯಾಕೆ ಬೀಳಲಿಲ್ಲ ಎಂದು ಕೇಳಿದೆ. ಧೈರ್ಯ, ಸಿಟ್ಟು, ಅಂಥ ಏನೋ ಒಂದು ಉತ್ತರವನ್ನು ನಾನು ಆಗಲೇ ಸಿದ್ಧ ಮಾಡಿಕೊಂಡಿದ್ದೆ ಅನ್ನಿಸುತ್ತದೆ.

"ನೀವ ಹೇಳಿದ್ರಲ್ಲ ಅಕ್ಕಾ, ಕೈ ಬರೂತನಾ ನಿಲ್ಲು ಅಂತ. ರೂಢಿ ಆಗಿತ್ತು." ಚಹಾದ ಲೋಟ ಕೆಳಗಿಟ್ಟು ಅಂದಳು, "ನಿಂತ ಮ್ಯಾಲ ಗೊತ್ತಾತು, ನಿಲ್ಲಾಕ ಬರತದ ಅಂತ."

ಆ ಎರಡು ಮಾತುಗಳಲ್ಲಿ ಯಾವುದು ಹೆಚ್ಚು ನಿಜ ಎಂದು ಇಂದಿಗೂ ನನಗೆ ತಿಳಿದಿಲ್ಲ.

ಚಿತ್ರ ಎರಡು ವಾರಕ್ಕೆ ಎತ್ತಂಗಡಿಯಾಯಿತು. ಹೆಣ್ಣು ಹೊಡೆಯುವುದನ್ನು ನಮ್ಮ ಜನ ನಂಬಲಿಲ್ಲ ಎಂದು ನಿರ್ಮಾಪಕರು ಈಗಲೂ ಹೇಳುತ್ತಾರೆ. ಇರಬಹುದು. ನನಗೆ ಕಾಣುವುದು ಬೇರೆ. ನಮ್ಮ ಒದೆತ, ಹಾರಾಟಗಳೆಲ್ಲ ಕಲಿತ ಆಟ, ಜನ ನಕ್ಕರು. ಇಡೀ ಚಿತ್ರದಲ್ಲಿ ನಿಜವಾಗಿದ್ದದ್ದು ಮಾಳವ್ವ ಮೂರು ಸಲ ಮೊದಲೇ ಬಿದ್ದದ್ದು. ಅದನ್ನು ಗಂಡಸರೂ ಗುರುತಿಸಿದರು, ಹೆಂಗಸರೂ ಗುರುತಿಸಿದರು. ಕೆಲವರು ಸಿಳ್ಳೆ ಹಾಕಿದರು, ಕೆಲವರು ಮಗಳ ಕಣ್ಣು ಮುಚ್ಚಿದರು.

ಹೊಡೆಯುವವರನ್ನು ನೋಡುತ್ತಾ ನಾನು ಈ ಕಸುಬು ಕಲಿತೆ. ಬೀಳುವವರನ್ನು ಹೇಗೆ ನೋಡಬೇಕೆಂದು ತಿಳಿದದ್ದು ಅಕ್ಕಲಕೋಟೆಯ ಆ ಅಂಗಳದಲ್ಲಿ. ಈಗ ನನ್ನ ತಂಡದಲ್ಲಿ ಹೊಸ ಹುಡುಗಿಯರಿಗೆ ಬೀಳುವುದನ್ನು ಕಲಿಸುವವಳು ಮಾಳವ್ವ. ಯಾರಾದರೂ ಕೈ ಬರುವ ಮೊದಲೇ ಬಿದ್ದರೆ ಅವಳು ತಪ್ಪು ಎಣಿಸುವುದಿಲ್ಲ. ಅಭ್ಯಾಸ ನಿಲ್ಲಿಸಿ, ಚಾಪೆಯ ಮೇಲೆ ಆ ಹುಡುಗಿಯ ಪಕ್ಕದಲ್ಲಿ ಹೋಗಿ ಕೂರುತ್ತಾಳೆ. ಅವರಿಬ್ಬರನ್ನೇ ಬಿಟ್ಟು ನಾವು ಉಳಿದವರು ಚಹಾ ಕುಡಿಯಲು ಹೊರಗೆ ಹೋಗುತ್ತೇವೆ.