ಉಪ್ಪಿನಕಾಯಿ ಜಾಡಿಯಲ್ಲಿ ಮೂರು ಹಲ್ಲು

ನನ್ನ ಬಾಯಿಗೆ ಎಂಥ ಹಲ್ಲು ಬೇಕೆಂದು ತೀರ್ಮಾನ ಮಾಡಿದ್ದು ಡಾಕ್ಟರಲ್ಲ, ನಾನೂ ಅಲ್ಲ, ನಮ್ಮತ್ತೆ. ಮನೆಯಲ್ಲಿ ಈಗ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ನಂಬಬೇಡಿ. ಬಾಯಿ ನನ್ನದು.

ನಾವು ಮೈಸೂರಿನ ವಿದ್ಯಾರಣ್ಯಪುರಕ್ಕೆ ಹೊಸದಾಗಿ ಮನೆ ಬದಲಾಯಿಸಿದ್ದ ಕಾಲ, ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ನನಗಿನ್ನೂ ನಲವತ್ತು ತುಂಬಿರಲಿಲ್ಲ. ಒಸಡು ಕೆಟ್ಟು ಮೇಲಿನ ಸಾಲಿನ ಮುಂದಿನ ಮೂರು ಹಲ್ಲು ಒಂದೇ ವರ್ಷದಲ್ಲಿ ಉದುರಿದವು. ಊಟಕ್ಕೇನೂ ತೊಂದರೆಯಾಗಲಿಲ್ಲ, ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ತೊಂದರೆಯಾದದ್ದು ಸೋಬಾನೆಗೆ. ನನ್ನ ತವರು ಇಲವಾಲದಲ್ಲಿ ಯಾರ ಮನೆಯ ಮದುವೆಯಾದರೂ ಮೊದಲ ಸೊಲ್ಲು ನನ್ನದು. ನಾನು ಎತ್ತಿಕೊಟ್ಟರೆ ಉಳಿದ ಹೆಂಗಸರು ಹಿಂದೆ ಹೇಳುತ್ತಿದ್ದರು. ಈಗ ಬಾಯಿ ತೆರೆದರೆ ಪದಕ್ಕಿಂತ ಮೊದಲು ಗಾಳಿ ಬರುತ್ತಿತ್ತು.

ಅಣ್ಣನ ಮಗಳ ಮದುವೆಗೆ ಒಂದೂವರೆ ತಿಂಗಳಿರುವಾಗ ಅತ್ತಿಗೆ ಕರೆಯಲು ಬಂದಳು. ಕುಂಕುಮ ಇಟ್ಟು, ಹೊರಡುವಾಗ ಮೆಲ್ಲಗೆ ಅಂದಳು: "ಈ ಸಲ ನೀನು ಸುಮ್ನೆ ಕೂತ್ಕೊಂಬುಡು ಕಣಮ್ಮ. ಪದ ಬೇರೆಯೋರು ಹೇಳ್ತಾರೆ."

ಅವಳು ಬೀದಿ ತಿರುಗುವ ಮೊದಲೇ ನಾನು ಹಲ್ಲು ಕಟ್ಟಿಸುವುದೆಂದು ಗಟ್ಟಿ ಮಾಡಿಕೊಂಡೆ.

ಮಾರ್ಕೆಟ್ಟಿನ ಹತ್ತಿರ ಮಹಡಿಯ ಮೇಲೆ ಒಬ್ಬ ಹಲ್ಲಿನ ಡಾಕ್ಟರಿದ್ದರು. ಎರಡು ದಾರಿ ಹೇಳಿದರು. ಒಂದು, ತೆಗೆದು ಹಾಕುವ ಸೆಟ್ಟು. ಮಲಗುವಾಗ ತೆಗೆದು ನೀರಿನಲ್ಲಿಡಬೇಕು. ಇನ್ನೊಂದು, ಬಾಯಲ್ಲೇ ಕೂರಿಸುವುದು. ಅಕ್ಕಪಕ್ಕದ ಹಲ್ಲುಗಳನ್ನು ತೇದು, ಅವಕ್ಕೆ ಚಿನ್ನದ ಟೋಪಿ ಹಾಕಿ, ನಡುವೆ ಹೊಸದನ್ನು ಬಿಗಿಯುವುದು. ಯೋಚಿಸಿಕೊಂಡು ಬನ್ನಿ ಅಂದರು.

ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನಿನ್ನ ಬಾಯಿ, ನಿನ್ನಿಷ್ಟ" ಅಂದರು. ಅತ್ತೆ ಬಿಡಲಿಲ್ಲ. ಅವರ ಬಾಯಲ್ಲಿ ಆಗಲೇ ಒಂದು ಹಲ್ಲೂ ಇರಲಿಲ್ಲ. ಎಲೆಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಬಾಯಿಂದ ತೆಗೆದಿದ್ದು ಎಂಜ್ಲು ಕಣಮ್ಮ. ಅದ್ನ ಮತ್ತೆ ಬಾಯಿಗಿಟ್ಕೊತೀಯಾ? ಯಾವ ಪಾತ್ರೇಲಿ ಇಡ್ತೀಯ? ನನ್ನ ಅಡುಗೆಮನೆ ಲೋಟ ಒಂದೂ ಮುಟ್ಟಂಗಿಲ್ಲ."

"ಮತ್ತೆ ಏನ್ ಮಾಡ್ಲಿ ಅತ್ತೆ?"

"ನಂಗೆ ಕುಟ್ಟಾಣಿ ಸಾಕಾಗಿಲ್ವಾ? ನೀನೂ ಒಂದು ಇಟ್ಕೊ."

"ಕುಟ್ಟಾಣಿ ಸೋಬಾನೆ ಹೇಳುತ್ತಾ?"

ಅವರು ಎಲೆಅಡಿಕೆಯನ್ನು ಇನ್ನೂ ಜೋರಾಗಿ ಕುಟ್ಟಿದರು. ಎಂಜಲಿನ ರಗಳೆ ಬೇಡವೆಂದು ನಾನು ಬಾಯಲ್ಲೇ ಕೂರಿಸುವುದಕ್ಕೆ ಒಪ್ಪಿಕೊಂಡೆ. ಕೈಬಳೆ ಒಂದನ್ನು ಕರಗಿಸುವುದೆಂದೂ ಅಂದುಕೊಂಡೆ.

ತೇಯುವ ದಿನ ಅತ್ತೆ ನನ್ನ ಜೊತೆ ಬಂದರು. ಡಾಕ್ಟರು ಪಕ್ಕದ ಹಲ್ಲನ್ನು ಬೆರಳಲ್ಲಿ ಹಿಡಿದು ನೋಡಿ, "ಇದೂ ಸ್ವಲ್ಪ ಅಲ್ಲಾಡ್ತಿದೆ. ತೇದು ಕೂರಿಸಬಹುದು, ಎಷ್ಟು ದಿನ ನಿಲ್ಲುತ್ತೋ ಹೇಳೋಕಾಗಲ್ಲ" ಅಂದರು.

ಬೆಂಚಿನ ಮೇಲಿದ್ದ ಅತ್ತೆ ಎದ್ದು ನಿಂತರು. "ಇರೋ ಹಲ್ಲನ್ನ ತೇಯ್ತೀರಾ? ಇದೇನ್ ಸ್ವಾಮಿ, ಗಂಧದ ಕೊರಡಾ?"

"ಹಾಗಾದ್ರೆ ತೆಗೆದು ಹಾಕೋ ಸೆಟ್ಟೇ ಆಗ್ಬೇಕು ಅಮ್ಮ."

"ಅದನ್ನೇ ಹಾಕಿ. ಇವಳಿಗೆ ಬುದ್ಧಿ ಇಲ್ಲ, ನಿಮಗಾದ್ರೂ ಬ್ಯಾಡ್ವಾ?" ನನ್ನ ಕಡೆ ತಿರುಗಿ, "ಪಾತ್ರೆ ನಾನು ಕೊಡ್ತೀನಿ, ಏಳು" ಅಂದರು.

ಕೊಟ್ಟದ್ದು ಸಣ್ಣ ಪಿಂಗಾಣಿ ಜಾಡಿ. ಮುಚ್ಚಳ ಮುಕ್ಕಾಗಿ ಅದರಲ್ಲಿಟ್ಟ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತಿತ್ತು, ಆದ್ದರಿಂದಲೇ ನನಗೆ ಬಂತು. ಬಚ್ಚಲುಮನೆಯ ಗೂಡಿನಲ್ಲಿಡಬೇಕು, ಅಡುಗೆಮನೆ ಹೊಸಿಲು ದಾಟಿಸಬಾರದು ಎಂದು ಅಪ್ಪಣೆಯಾಯಿತು. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಇಂಗಿನ ವಾಸನೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಹಲ್ಲು ಹಾಕಿಕೊಂಡ ಕೂಡಲೇ ನನಗೆ ಮೊಸರನ್ನದ ನೆನಪಾಗುತ್ತಿತ್ತು.

ಮದುವೆಯಲ್ಲಿ ಹೆಣ್ಣನ್ನು ಹಸೆಗೆ ಕೂರಿಸಿದರು. ಅತ್ತಿಗೆ ಏನಾದರೂ ಅನ್ನುವ ಮೊದಲೇ ನಾನು ಎತ್ತಿಕೊಂಡೆ. ಎರಡು ಸೊಲ್ಲು ಗಂಟೆ ಹೊಡೆದ ಹಾಗೆ ಬಂತು. ಮೂರನೆಯದಕ್ಕೆ ಧ್ವನಿ ಏರಿಸಿದೆ ನೋಡಿ, ಸೆಟ್ಟು ಸಡಿಲವಾಗಿ ನಾಲಿಗೆಯ ಮೇಲೆ ಇಳಿಯಿತು. ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆ, ಒಂದೂ ಹಲ್ಲಿಲ್ಲದ ಬಾಯಲ್ಲಿ, ಗಾಳಿಯೋ ಪದವೋ ತಿಳಿಯದ ಹಾಗೆ ಆ ಸೊಲ್ಲನ್ನು ಗಟ್ಟಿಯಾಗಿ ಹೇಳಿಬಿಟ್ಟರು. ಹೆಂಗಸರು ನಗುತ್ತಲೇ ಹಿಂದೆ ಹೇಳಿದರು. ನಾನು ಸೆರಗಿನ ಮರೆಯಲ್ಲಿ ಹೆಬ್ಬೆಟ್ಟಿನಿಂದ ಹಲ್ಲನ್ನು ಮೇಲಕ್ಕೊತ್ತಿ ನಾಲ್ಕನೆಯದನ್ನು ಹಿಡಿದುಕೊಂಡೆ. ಕೊನೆಯವರೆಗೂ ಬಿಡಲಿಲ್ಲ.

"ನಿನ್ ಗಂಟ್ಲು ಅಂಗೇ ಐತಲ್ಲಮ್ಮ!" ಅಂದಳು ಅತ್ತಿಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಎಲ್ಲರಿಗೂ ಕೇಳುವಂತೆ, "ಹಲ್ಲು ಕಟ್ಟಿಸ್ಕೊಂಡೋಳು ಇವಳು, ಪದ ಹೇಳ್ದೋಳು ನಾನು" ಅಂದರು. ಇಳಿಯುವವರೆಗೂ ಅದನ್ನೇ ಅಂದರು.

ಮಾರನೆಯ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಜಾಡಿಯನ್ನು ಕೈಚೀಲದಲ್ಲಿಟ್ಟುಕೊಂಡು ಹೊರಟೆ. ಡಾಕ್ಟರು ಬೀಗ ತೆಗೆಯಲು ಬಂದಾಗ ನಾನು ಅವರ ಮೆಟ್ಟಿಲ ಮೇಲೆ ಕೂತಿದ್ದೆ. ಸೆಟ್ಟಿನ ತಂತಿ ಬಿಗಿ ಮಾಡಿಸಿ, ಅದೇ ಕುರ್ಚಿಯಲ್ಲಿ ಕೂತು ಮೂರನೆಯ ಸೊಲ್ಲನ್ನು ಗಂಟಲೆತ್ತಿ ಹೇಳಿ ನೋಡಿ, ಹಲ್ಲು ಅಲ್ಲಾಡಲಿಲ್ಲವೆಂದು ಗೊತ್ತಾದ ಮೇಲೆ ಎದ್ದೆ.