ಒಂದೇ ಕಡೆಗೆ ತಿರುಚಿದ ಎರಡು ಸರಳು

ಬಂಗಾರಪೇಟೆಯ ನಮ್ಮ ಅಂಗಡಿಯಲ್ಲಿ ಮಾಡುವುದು ಕಿಟಕಿ ಗ್ರಿಲ್ಲು, ಗೇಟು, ಹಾಲಿನ ಡೈರಿಯವರಿಗೆ ಕ್ಯಾನು ಇಡುವ ಸ್ಟ್ಯಾಂಡು. ಅಂಗಡಿ ನಮ್ಮನೆಯವರದು, ಬಾಯಿ ನನ್ನದು. ಅವರು ವೆಲ್ಡಿಂಗಿಗೆ ಕೂತರೆ ಗಿರಾಕಿಗಳ ಜೊತೆ ಮಾತಾಡುವುದು, ಅಳತೆ ಹಿಡಿಯುವುದು ಎಲ್ಲಾ ನಾನೇ. ಹಾಗಾಗಿ ಕತ್ತಿ ಬೇಕೆಂದು ಬಂದವರೂ ಮೊದಲು ನನ್ನ ಕೈಗೇ ಸಿಕ್ಕಿದರು.

ಅವರು ಕೋಲಾರದಲ್ಲಿ ಕಾಲೇಜಿನಲ್ಲಿದ್ದು ನಿವೃತ್ತರಾದ ಮೇಷ್ಟ್ರು. ಹಳೆ ಕತ್ತಿಗಳ ಹುಚ್ಚು. ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಯುರೋಪಿನ ಕಡೆ ಮಾಡಿದ ಕತ್ತಿಯಂತೆ. ಅಲಗಿನ ನಡುವೆ ಉದ್ದಕ್ಕೂ ಜಡೆ ಹೆಣೆದ ಹಾಗೆ ಗೆರೆ. ಬಣ್ಣವಲ್ಲ, ಕೆತ್ತಿದ್ದೂ ಅಲ್ಲ, ಕಬ್ಬಿಣದೊಳಗೇ ಇರುವ ಗೆರೆ. ಮೆತ್ತನೆ ಕಬ್ಬಿಣ, ಗಟ್ಟಿ ಉಕ್ಕು ಎರಡರ ಪಟ್ಟಿಗಳನ್ನೂ ಸೇರಿಸಿ ಒಂದು ಸರಳು ಮಾಡಬೇಕು, ಕಾಯಿಸಿ ಹಗ್ಗದ ಹಾಗೆ ತಿರುಚಬೇಕು. ಅಂಥವು ಎರಡು, ಒಂದು ಬಲಕ್ಕೆ ತಿರುಚಿದ್ದು, ಇನ್ನೊಂದು ಎಡಕ್ಕೆ. ಅವೆರಡನ್ನೂ ಪಕ್ಕಪಕ್ಕ ಇಟ್ಟು ಬೆಂಕಿಯಲ್ಲೇ ಬೆಸೆದು, ಅಂಚಿಗೆ ಗಟ್ಟಿ ಉಕ್ಕು ಕೂರಿಸಿ, ಉಜ್ಜಿ ಆಸಿಡ್ಡಿನಲ್ಲಿ ಅದ್ದಿದರೆ ಜಡೆ ಮೇಲೇಳುತ್ತದೆ. ಇದನ್ನೆಲ್ಲಾ ಮೇಷ್ಟ್ರು ಪಾಠದ ಧಾಟಿಯಲ್ಲೇ ಹೇಳಿದರು. ಹರಿತ ಬೇಡ, ಗೋಡೆಗೆ ಹಾಕುವುದಕ್ಕೆ, ಆದರೆ ಕರೆಂಟು ವೆಲ್ಡಿಂಗು ಮಾತ್ರ ತಾಕಬಾರದು ಎಂದರು.

“ಬೆಂಕೀಲಿ ಬೆಸೆಯೋದು ನಮ್ ಕೈಲಾಗಲ್ಲ ಸಾರ್,” ಎಂದು ನಮ್ಮನೆಯವರು ಕನ್ನಡಕ ಎತ್ತಿ ಹೇಳುವಷ್ಟರಲ್ಲಿ ನಾನು, “ಆಯ್ತದೆ, ಮಾಡ್ಕೊಡ್ತೀವಿ,” ಎಂದುಬಿಟ್ಟಿದ್ದೆ.

ನಮ್ಮನೆಯವರು ನನ್ನ ಮುಖ ನೋಡಿದರು. ಮೇಷ್ಟ್ರು ಹೋದಮೇಲೆ, “ಯಾರು ಮಾಡೋರು? ನಿಮ್ಮಣ್ಣಾನಾ?” ಎಂದರು. ಹೌದು, ನಮ್ಮಣ್ಣನೇ. ಕತ್ತಿ ಯಾರಿಗೆ ಬೇಕಾಗಿತ್ತು? ನನಗೆ ಬೇಕಾಗಿದ್ದುದು ನಮ್ಮಣ್ಣ ನನ್ನ ಜೊತೆ ಮಾತಾಡುವುದು. ಚಿಕ್ಕ ಮಗಳಿಗೆ ಗಂಡು ಗೊತ್ತಾಗಿತ್ತು. ಸೋದರಮಾವನಿಲ್ಲದೆ ಇನ್ನೊಂದು ಮದುವೆ ಮಾಡುವ ಧೈರ್ಯ ನನಗಿರಲಿಲ್ಲ.

ಮಾತು ಬಿಟ್ಟಿದ್ದು ದೊಡ್ಡ ಮಗಳ ಮದುವೆಯಲ್ಲಿ. ನಮ್ಮ ಕಡೆ ಹೆಣ್ಣನ್ನು ಬಿದಿರು ಬುಟ್ಟಿಯಲ್ಲಿ ಕೂರಿಸಿ ಮಂಟಪಕ್ಕೆ ಹೊತ್ತು ತರುವವನು ಸೋದರಮಾವ. ಅದು ಅವನ ಹಕ್ಕು. ಅಣ್ಣ ರೈಲಿನಲ್ಲಿ ಬೆಂಗಳೂರಿನ ಕಡೆಯ ಫ್ಯಾಕ್ಟರಿಗೆ ಹೋಗಿ ಬರುವವನು, ಹಿಂದಿನ ರಾತ್ರಿ ಪಾಳಿ ಮುಗಿಸಿ ಅಲ್ಲಿಂದಲೇ ಹೊರಟಿದ್ದ. ರೈಲು ದಾರಿಯಲ್ಲಿ ನಿಂತಿತು. ಮುಹೂರ್ತ ಮೀರುತ್ತದೆಂದು ಗಂಡಿನ ಕಡೆಯವರ ಗಲಾಟೆ. ಕೊನೆಗೆ ನಮ್ಮ ದೊಡ್ಡಪ್ಪನ ಮಗ ಬುಟ್ಟಿಗೆ ಕೈ ಹಾಕಿದ. ಅವನು ಮಂಟಪದಲ್ಲಿ ಬುಟ್ಟಿ ಇಳಿಸುವ ಹೊತ್ತಿಗೆ ಅಣ್ಣ ಛತ್ರದ ಬಾಗಿಲಲ್ಲಿ ನಿಂತಿದ್ದ, ಕಂಕುಳಲ್ಲಿ ಹೊಸ ಪಂಚೆ. ನೋಡಿದ, ತಿರುಗಿದ, ಊಟಕ್ಕೂ ನಿಲ್ಲದೆ ಹೋದ. ಅತ್ತಿಗೆ ಮಾತ್ರ ಕಣ್ಣೊರೆಸಿಕೊಂಡು ಕೊನೆಯವರೆಗೆ ಕೂತಿದ್ದಳು.

ಅವನದು ಹಟವೆಂದು ನನಗೆ ಕೋಪ, ನನ್ನದು ತಾತ್ಸಾರವೆಂದು ಅವನಿಗೆ. ಆಮೇಲೆ ಹಬ್ಬಗಳು ಬಂದವು ಹೋದವು. ತವರಿನ ಬಾಗಿನ ಕೊಡಲು ಅತ್ತಿಗೆ ಬರುತ್ತಿದ್ದಳು. ಅವನು ನಮ್ಮ ಬೀದಿ ಕೊನೆಯ ಟೀ ಅಂಗಡಿಯಲ್ಲಿ ಕಾಯುತ್ತಿದ್ದ.

ನಾವು ಕುಲುಮೆಯವರ ಮಕ್ಕಳು. ಅಪ್ಪ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ, ಬಂಡೆ ಕೊರೆದು ಮೊಂಡಾದ ಡ್ರಿಲ್ ಸಲಾಕೆಗಳನ್ನು ಕಾಯಿಸಿ ಮೊನೆ ಮಾಡುವ ಶೆಡ್ಡಿನಲ್ಲಿದ್ದ. ಸಂಜೆ ಮನೆ ಹಿಂದಿನ ಕುಲುಮೆಯಲ್ಲಿ ಕಾಮಸಮುದ್ರದ ಕಡೆಯ ರೈತರಿಗೆ ಕುಡುಗೋಲು, ಕೊಡಲಿ ಮಾಡುತ್ತಿದ್ದ. ಮೆತ್ತನೆ ಕಬ್ಬಿಣದ ಬಾಯಿ ಸೀಳಿ ಒಳಗೆ ಸಲಾಕೆಯ ಉಕ್ಕು ಕಚ್ಚಿಸಿ ಬೆಂಕಿಯಲ್ಲಿ ಬೆಸೆಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅಣ್ಣ ಇಕ್ಕಳ ಹಿಡಿದರೆ ನಾನು ಸಮ್ಮಟಿ ಬೀಸುತ್ತಿದ್ದೆ. ಹೆಣ್ಣುಹುಡುಗಿ ಕೈಗೆ ದೊಡ್ಡ ಸುತ್ತಿಗೆ ಯಾಕೆ ಎಂದು ಯಾರೂ ಕೇಳಲಿಲ್ಲ, ನಮ್ಮ ಅಜ್ಜಿಯೂ ಬೀಸಿದವಳೇ. ಹುಟ್ಟಾ ಎಡಚಿಯಾದ ನನ್ನನ್ನು ಅಪ್ಪ ಕುಲುಮೆಯೊಳಗೆ ಮಾತ್ರ ಬಲಗೈಯವಳನ್ನಾಗಿ ತಿದ್ದಿದ. ಮನೆ ಹಿಂದಿನ ಆ ಇಕ್ಕಟ್ಟಿನಲ್ಲಿ ನಾನು ನಿಲ್ಲುವ ಜಾಗದಿಂದ ಎಡಗೈಯಲ್ಲಿ ಬೀಸಿದರೆ ಸಮ್ಮಟಿ ಗೋಡೆಗೆ ತಾಕುತ್ತಿತ್ತು. ಹೊರಗೆ ಬಂದರೆ ಸೌಟು, ಪೊರಕೆ ಎಲ್ಲಾ ಇವತ್ತಿಗೂ ಎಡಗೈಯೇ.

ಅಪ್ಪನ ಕುಲುಮೆ, ಕಬ್ಬಿಣ ಬಡಿಯುವ ಅಡಿಗಲ್ಲು, ಉಳಿದ ಸಲಾಕೆಗಳು ಎಲ್ಲಾ ಅದೇ ಮನೆಯಲ್ಲಿರುವ ಅಣ್ಣನ ಹಿತ್ತಿಲಲ್ಲೇ ಇವೆ. ನಾನು ಅತ್ತಿಗೆಗೆ ಫೋನು ಮಾಡಿ ಕತ್ತಿಯ ವಿಷಯ ಹೇಳಿದೆ. ಪಕ್ಕದಲ್ಲೇ ಇದ್ದ ಅಣ್ಣನ ಕೆಮ್ಮು ಕೇಳಿಸಿತು. ಅತ್ತಿಗೆ ಅವನನ್ನು ಕೇಳಿಕೊಂಡು, “ಭಾನುವಾರ ಬರಕ್ಕೇಳು ಅಂತಾವ್ರೆ,” ಎಂದಳು.

ಭಾನುವಾರ ಹೋದೆ. ಉರಿಗಾಂ ದಾಟಿ ಬಸ್ಸು ತಿರುಗುವಾಗ ಏನು ಮಾತಾಡುವುದೆಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ಒಂದೂ ಬಳಕೆಗೆ ಬರಲಿಲ್ಲ. ಅಣ್ಣ ಆಗಲೇ ಇದ್ದಿಲು ಹೊತ್ತಿಸಿದ್ದ. ನನ್ನ ಕಡೆ ನೋಡದೆ ಅತ್ತಿಗೆಗೆ ಹೇಳಿದ: “ಹಳೇ ಬಂಡಿ ಪಟ್ಟಾನೂ ಲಾರಿ ಕಮಾನ್ ಪಟ್ಟೀನೂ ಸೇರಿಸ್ತೀನಿ ಅಂತೇಳು.”

ಮೆತ್ತನೆ ಕಬ್ಬಿಣಕ್ಕೆ ಚಕ್ರದ ಪಟ್ಟಾ, ಗಟ್ಟಿ ಉಕ್ಕಿಗೆ ಕಮಾನು. ಮೂರು ಮಾರು ದೂರದಲ್ಲಿ ನಿಂತಿದ್ದ ನನಗೆ ಅತ್ತಿಗೆ, “ಬಂಡಿ ಪಟ್ಟಾನೂ ಕಮಾನ್ ಪಟ್ಟೀನೂ ಅಂತೆ,” ಎಂದಳು.

“ಕೇಳುಸ್ತು. ಅಂಚಿಗೆ ಅಪ್ಪನ ಸಲಾಕೆ ಹಾಕಕ್ಕೇಳು,” ಎಂದೆ.

“ಥೂ, ನಿಮ್ಮಿಬ್ರ ಮದ್ಯೆ ನಾನೇನು ಪೋಸ್ಟ್ ಡಬ್ಬಾನಾ?” ಎಂದು ಅತ್ತಿಗೆ ಬ್ಲೋವರಿನ ಹಿಡಿ ತಿರುಗಿಸತೊಡಗಿದಳು.

ಕೆಲಸ ಶುರುವಾದಮೇಲೆ ಅವಳ ಅಗತ್ಯವೂ ಬೀಳಲಿಲ್ಲ. ಕುಲುಮೆಯಲ್ಲಿ ಬಾಯಿಗೆ ಕೆಲಸವಿಲ್ಲ. ಇಕ್ಕಳ ಹಿಡಿದವನು ಕೈಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾನೋ ಸಮ್ಮಟಿ ಅಲ್ಲಿ ಬೀಳಬೇಕು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ತಟ್ಟಿದರೆ ಜೋರಾಗಿ. ಬರಿಯ ಅಡಿಗಲ್ಲಿನ ಮೇಲೆ ಟಣ್ ಎನಿಸಿದರೆ ನಿಲ್ಲಿಸು ಎಂದರ್ಥ. ಅಪ್ಪ ಕಲಿಸಿದ್ದು. ಬೆಂಕಿಯಿಂದ ಬಂದ ಪಟ್ಟಿಗಳ ಕಟ್ಟಿನ ಮೇಲೆ ಅಣ್ಣ ಬೆಸುಗೆ ಹಿಡಿಯಲೆಂದು ಬಿಳಿಗಾರದ ಪುಡಿ ಉದುರಿಸಿ, ಮತ್ತೆ ಒಳಗಿಟ್ಟು, ಸುರುಸುರು ಬತ್ತಿಯ ಹಾಗೆ ಕಿಡಿ ಹಾರುವಾಗ ಎಳೆದು ತಂದ. ಅವನು ತಟ್ಟಿದ, ನಾನು ಹೊಡೆದೆ. ಇಷ್ಟು ವರ್ಷ ಬಿಟ್ಟಿದ್ದರೂ ಒಂದೇಟೂ ತಪ್ಪಲಿಲ್ಲ. ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ಸುತ್ತಿಗೆಯಲ್ಲಿ ಇಷ್ಟು ಚೆನ್ನಾಗಿ ಮಾತಾಡುವವನಿಗೆ ಬಾಯಿಗೇನು ಬಂದಿತ್ತು?

ಆ ದಿನ ಎರಡು ಸರಳು ಬೆಸೆದು ಎಳೆದೆವು. ತಿರುಚುವುದು ಬಾಕಿ. ಹೊತ್ತಾಗಿತ್ತು, ನನಗೆ ಬಸ್ಸು ಹಿಡಿಯಬೇಕಿತ್ತು. ಅಣ್ಣ ಒಂದನ್ನು ಗೋಣಿಯಲ್ಲಿ ಸುತ್ತಿ ಅತ್ತಿಗೆಯ ಕೈಲಿಟ್ಟು, “ಅವಳ್ಗೆ ಅಂಗಡೀಲೇ ತಿರುಚ್ಕೊಂಡು ಬರಕ್ಕೇಳು, ಇನ್ನೊಂದು ನಾನು ತಿರುಚ್ತೀನಿ,” ಎಂದ. ಯಾರು ಯಾವ ಕಡೆಗೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವುದಕ್ಕೆ ಮಾತು ಬೇಕಲ್ಲ.

ಅಂಗಡಿಯಲ್ಲಿ ಸರಳನ್ನು ವೈಸಿಗೆ ಕಚ್ಚಿಸಿದೆ. ನಮ್ಮನೆಯವರು ಗ್ಯಾಸಿನಿಂದ ಕಾಯಿಸುತ್ತಾ ಬಂದರು, ನಾನು ದೊಡ್ಡ ಪಾನಾ ಹಾಕಿ ತಿರುಗಿಸುತ್ತಾ ಬಂದೆ. ಕುಲುಮೆಯ ಕೆಲಸ, ಕೈ ತಾನಾಗಿ ಬಲಕ್ಕೆ ತಿರುಗಿತು. ಅಣ್ಣನಿಗೆ ಗೊತ್ತಿರುತ್ತದೆ, ಅವನು ಎಡಕ್ಕೆ ತಿರುಚಿರುತ್ತಾನೆ ಎಂದುಕೊಂಡೆ. ನೋಡಿದರೆ ಹೊಸ ಹಗ್ಗದ ಹಾಗಿತ್ತು. ನಮ್ಮನೆಯವರು, “ಪರ್ವಾಗಿಲ್ವೇ,” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಮುಂದಿನ ಭಾನುವಾರ ಅಡಿಗಲ್ಲಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಅಣ್ಣ ಬಗ್ಗಿ ನೋಡಿದ. ನಾನೂ ಬಗ್ಗಿದೆ. ಎರಡೂ ಬಲಕ್ಕೇ ತಿರುಚಿದ್ದವು. ಗೆರೆಗಳೆಲ್ಲಾ ಒಂದೇ ಕಡೆಗೆ ವಾಲಿದ್ದವು. ಇನ್ನು ಅದರಲ್ಲಿ ಜಡೆಯೆಲ್ಲಿ ಬರಬೇಕು? ಬಿಚ್ಚಿ ಮತ್ತೆ ತಿರುಚೋಣವೆಂದರೆ ಬೆಸುಗೆ ಸೀಳುತ್ತದೆ.

“ನೀನು ಎಡಚಿ ಅಲ್ವೇನೇ?” ಎಂದು ಅಣ್ಣ ಕಿರುಚಿದ. “ಎಡಚಿ, ಎಡಕ್ಕೇ ತಿರುಚ್ತೀಯ ಅಂತ ನಾನು ಬಲಕ್ಕೆ ತಿರುಚ್ದೆ!”

“ಕುಲುಮೇನಾಗೆ ನಾನ್ಯಾವತ್ತು ಎಡಚಿ? ಅಪ್ಪ ತಿದ್ದಿದ್ದು ಮರ್ತೋಯ್ತಾ? ನೀನು ನೋಡ್ಕೊಂಡು ಎಡಕ್ಕೆ ತಿರುಚ್ತೀಯ ಅಂತ ನಾನು!”

“ಒಂದು ಮಾತು ಕೇಳ್ಬಾರ್ದಾ?”

“ನೀನು ಒಂದು ಮಾತು ಏಳ್ಬಾರ್ದಾ?”

ಅತ್ತಿಗೆ ಬ್ಲೋವರು ನಿಲ್ಲಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗಲೇ ನನಗೂ ತಿಳಿದಿದ್ದು, ಅವನು ನೇರ ನನಗೇ ಹೇಳುತ್ತಿದ್ದಾನೆಂದು. ಅವನಿಗೂ ತಿಳಿಯಿತೇನೋ, ಬಾಯಿ ಮುಚ್ಚಿದ. ಮತ್ತೆ ಬಾಗಿಲು ಹಾಕಿಕೊಂಡುಬಿಟ್ಟರೆ ಎಂದು ನನಗೆ ಹೆದರಿಕೆಯಾಯಿತು. ಅವನು ಇಕ್ಕಳ ಕೆಳಗಿಟ್ಟು ಕಲ್ಲಿನ ಮೇಲೆ ಕೂತ.

“ಅವತ್ತೂ ಇಂಗೇ,” ಎಂದ, ದನಿ ತಗ್ಗಿಸಿ. “ನಾನು ಬಂದೇ ಬತ್ತೀನಿ ಅಂತ ನಿಂಗೆ ಗೊತ್ತಿತ್ತು. ಕಾಯ್ಲಿಲ್ಲ ನೀನು.”

“ಕಾದೆ ಕಣೋ. ಬುಟ್ಟಿ ಇಡ್ಕೊಂಡು ಅಡ್ಡ ನಿಂತಿದ್ದೆ. ಗಂಡಿನ್ ಕಡೆಯೋರು ಬಾಯ್ಗೆ ಬಂದಂಗೆ ಅಂದ್ರು, ಆಗ್ಲೂ ಬಿಡ್ಲಿಲ್ಲ. ಕೊನೆಗೆ ಮಗ್ಳು ಅಳಕ್ ಶುರು ಮಾಡಿದ್ಲು. ಆಗ ಬಿಟ್ಟೆ.”

“ನಂಗ್ಯಾರೂ ಏಳ್ಲಿಲ್ಲ.”

“ಏಳಕ್ ನೀನು ನಿಂತ್ರಲ್ವಾ?”

ಅತ್ತಿಗೆ ಅವನ ಕಡೆ ತಿರುಗಿ, “ನಾನು ಏಳಕ್ಕೆ ಬಂದಾಗೆಲ್ಲಾ ಟವಲ್ಲು ಕೊಡವ್ಕೊಂಡು ಎದ್ದೋಗ್ತಿದ್ರಿ,” ಎಂದಳು. ಅಣ್ಣ ಕಡ್ಡಿಯಿಂದ ಇದ್ದಿಲು ಕೆದಕಿದ. ಆಮೇಲೆ ಎದ್ದು, “ಪಟ್ಟಾ ಇನ್ನೂ ಐತೆ. ಇನ್ನೊಂದು ಸರಳು ಮಾಡಣ, ಸಮ್ಮಟಿ ತಗಾ,” ಎಂದ.

ಹೊಸ ಸರಳನ್ನು ಅಲ್ಲೇ ಮಾಡಿ, ಅವನೇ ಎಡಕ್ಕೆ ತಿರುಚಿದ. ನಾನು ಪಕ್ಕದಲ್ಲಿ ನಿಂತು, “ಎಡಕ್ಕೆ, ಎಡಕ್ಕೆ,” ಎಂದು ಬೇಕೆಂದೇ ಹೇಳುತ್ತಿದ್ದೆ. “ಬಾಯ್ ಮುಚ್ಚೇ,” ಎಂದು ಬೈಸಿಕೊಂಡೆ. ಬೈಸಿಕೊಳ್ಳುವುದಕ್ಕೂ ಪುಣ್ಯ ಮಾಡಿರಬೇಕೆಂದು ಅವತ್ತು ನಿಜವಾಗಿ ಅನ್ನಿಸಿತು.

ಅಲಗು ಬೆಸೆಯುವುದಕ್ಕೆ, ಎಳೆಯುವುದಕ್ಕೆ, ಉಜ್ಜುವುದಕ್ಕೆ ಇನ್ನೂ ಎಷ್ಟೋ ಭಾನುವಾರ ಹಿಡಿದವು. ಅಪ್ಪನ ಸಲಾಕೆಯ ನಡುವೆ ನೀರು ಹರಿಯಲೆಂದು ಉದ್ದಕ್ಕೂ ತೂತಿರುತ್ತದೆ. ಅದನ್ನು ಸೀಳಿ, ಒಳಗಿನ ಕಿಟ್ಟ ಕೆರೆದು, ಚಪ್ಪಟೆ ಮಾಡಿ ಅಂಚಿಗೆ ಕೂರಿಸಿದೆವು. ಕೊನೆಗೆ ಆಸಿಡ್ಡಿನಿಂದ ಎತ್ತಿ ನೀರು ಹಾಕಿದಾಗ ಕಪ್ಪು ಬಿಳಿ ಜಡೆ ಹಿಡಿಯಿಂದ ತುದಿಯವರೆಗೆ ಮೂಡಿತ್ತು. ಅಣ್ಣನ ಹಿತ್ತಿಲಿಗೇ ಬಂದಿದ್ದ ಮೇಷ್ಟ್ರು ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡರು. ಅಣ್ಣ ಕೈ ಒರೆಸಿಕೊಳ್ಳುತ್ತಾ ಆಚೆ ಹೋದ. ಹೊಗಳಿಸಿಕೊಳ್ಳುವುದು ಅವನಿಗೆ ಮೊದಲಿಂದ ಆಗದು.

ಅಷ್ಟಾದರೂ ಚಿಕ್ಕವಳ ಮದುವೆಯ ಮಾತನ್ನು ನಾನು ಎತ್ತಿರಲಿಲ್ಲ. ಎತ್ತಲು ಭಯ. ಕತ್ತಿ ಮುಗಿಯಿತು, ಇನ್ನು ಹೋಗಲು ನೆಪವಿಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದಾಗ ಒಂದು ಬೆಳಿಗ್ಗೆ ಅಣ್ಣನೇ ಬಂಗಾರಪೇಟೆಯ ನಮ್ಮ ಮನೆ ಬಾಗಿಲಿಗೆ ಬಂದ. ಟೀ ಅಂಗಡಿಯಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಕೂತು, ನೀರು ಕುಡಿದು, “ಚಿಕ್ಕವಳದು ಯಾವತ್ತು?” ಎಂದ. ಅತ್ತಿಗೆ ಹೇಳಿರಬೇಕು.

“ದಿನ ಇನ್ನೂ ಇಟ್ಟಿಲ್ಲ.”

“ಯಾವತ್ತಾನ ಇಡು. ನಾನು ಮುಂಚಿನ ದಿನಾನೇ ಬಂದು ಛತ್ರದಾಗೆ ಮಲಗ್ತೀನಿ. ರೈಲನ್ನ ನಂಬಲ್ಲ.”

ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ, ಮುಚ್ಚಿಡಲಿಲ್ಲ. ಅವನು ಗೋಣಿಯಲ್ಲಿ ಸುತ್ತಿದ್ದೊಂದನ್ನು ಮುಂದಿಟ್ಟ. ಬಿಚ್ಚಿದರೆ ಈಳಿಗೆಮಣೆ. ಮಣೆ ಹಲಸಿನ ಮರದ್ದು. ಅದರ ಅಲಗಿನಲ್ಲಿ ಗೆರೆಗಳು ಒಂದೇ ಕಡೆಗೆ ವಾಲಿದ್ದವು. ನಾನು ತಿರುಚಿ ಹಾಳುಮಾಡಿದ್ದ ಸರಳು.

“ಮದ್ವೆ ಮನೇಗೆ ಯಾರಾನ ಈಳಿಗೆ ತತ್ತಾರಾ?” ಎಂದೆ.

“ಚಿಕ್ಕವಳಿಗಲ್ಲ. ದೊಡ್ಡವಳಿಗೆ,” ಎಂದ. “ಅವತ್ತು ಅವಳ ಕೈಗೆ ಏನೂ ಇಡ್ಲಿಲ್ಲ ನಾನು.”

ದೊಡ್ಡವಳಿಗೆ ಫೋನು ಹಚ್ಚಿ, “ನಿಮ್ಮಾವ ಬಂದವ್ನೆ,” ಎಂದೆ. ಅಷ್ಟರಲ್ಲಿ ಅಣ್ಣ ಕೈ ಚಾಚಿ ಫೋನು ಇಸಿದುಕೊಂಡ.