ಮಲ್ಕೆರಿನ್ ಮನೆ ಬಿಟ್ಟುಹೋದ ಹೊನೋರಾ

ಕೀಗನ್ಸ್ ಲಾಕ್ ಎಂಬ ಕಾಲುವೆ ಊರಿನಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದ ಡೀಲಿಯಾ ಮಲ್ಕೆರಿನ್‌ಗೆ ಒಂದು ಜಂಬವಿತ್ತು. ವಿಳಾಸ ಎಷ್ಟೇ ಕೆಟ್ಟಿರಲಿ, ಅವಳ ಚೀಲಕ್ಕೆ ಬಿದ್ದ ಕಾಗದ ತಲುಪಬೇಕಾದವರಿಗೆ ತಲುಪುತ್ತಿತ್ತು. 'ಸೇತುವೆ ಪಕ್ಕದ ಕುಂಟ ಮೈಕ್' ಎಂದಷ್ಟೇ ಬರೆದಿದ್ದ ಲಕೋಟೆಯನ್ನೂ ಅವಳು ಹಿಂದಿರುಗಿಸಿದವಳಲ್ಲ. ಇಂಥವಳು ನಿವೃತ್ತಿಯಾದ ಮೇಲೆ ಒಬ್ಬಳನ್ನು ಹುಡುಕಲು ಹೋಗಿ ಒಂಬತ್ತು ವರ್ಷ ಸೋತಳು. ಆ ಒಬ್ಬಳು ಅವಳ ಮುತ್ತಜ್ಜ ಪ್ಯಾಟ್ರಿಕ್‌ನ ತಾಯಿ, ಹೊನೋರಾ.

ಹೊನೋರಾಳ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕಡಲಾಚೆಯ ಗಾಲ್ವೇ ಕಡೆಯಿಂದ ಅಮೆರಿಕಕ್ಕೆ ಹಡಗು ಹತ್ತಿ ಬಂದವಳು. ಗಂಡ ಕಾಲುವೆ ಕೆಲಸದಲ್ಲಿ ಕಲ್ಲು ಉರುಳಿ ಸತ್ತ. ಮರುವರ್ಷ ಅವಳು ಎರಡು ಮಕ್ಕಳನ್ನು ನಾದಿನಿಯ ಹೊಸ್ತಿಲಲ್ಲಿ ಬಿಟ್ಟು ಯಾವನೋ ದೋಣಿಯವನ ಜೊತೆ ಓಡಿಹೋದಳು. ಅಲ್ಲಿಂದ ಮುಂದೆ ಮಲ್ಕೆರಿನ್ ಮನೆಯ ಯಾವ ಹೆಣ್ಣು ಹೊಸ್ತಿಲು ದಾಟಿದರೂ ಒಂದೇ ಮಾತು. ಡೀಲಿಯಾ ಅಂಚೆ ಕೆಲಸಕ್ಕೆ ಸೇರಿದ ದಿನ ಅಪ್ಪ ಅದನ್ನೇ ಅಂದಿದ್ದ. ಈಗ ಅಣ್ಣ ಕಾನ್ ಅದನ್ನು ತನ್ನ ಮಗಳು ಊನಾಳಿಗೆ ದಾಟಿಸಿದ್ದ. ಊನಾ ಆಸ್ಪತ್ರೆಯಲ್ಲಿ ನರ್ಸು. ಕ್ರಿಸ್‌ಮಸ್ ಊಟದ ನಡುವೆ ಕರೆ ಬಂತೆಂದು ಎದ್ದಳು.

"ಮಕ್ಕಳನ್ನ ನನ್ನ ತಲೆಗೆ ಕಟ್ಟಿ ಹೊರಟ್ಲು ನೋಡಿ. ಹೊನೋರಾ ಬುದ್ಧಿ!" ಎಂದ ಕಾನ್.

ಊನಾಳ ಮುಖ ಕೆಂಪಾಯಿತು. ಡೀಲಿಯಾ ಚಮಚ ಕೆಳಗಿಟ್ಟಳು.

"ಕಾನ್, ಅವಳು ಓಡಿಹೋಗಿದ್ದನ್ನ ನೀನು ಕಣ್ಣಾರೆ ಕಂಡಿದ್ಯಾ?"

"ನೀನು ಹುಡುಕ್ತಾನೇ ಇದ್ದೀಯಲ್ಲ, ಸಿಕ್ಕಿದ್ಲಾ? ಓಡಿಹೋಗದೆ ಇದ್ದಿದ್ರೆ ಇಲ್ಲೇ ಎಲ್ಲೋ ಮಲಗಿರ್ಬೇಕಿತ್ತು. ಗೋರಿ ತೋರಿಸು, ಬಾಯಿ ಮುಚ್ಕೋತೀನಿ."

ತೋರಿಸಲು ಗೋರಿಯಿರಲಿಲ್ಲ. ಚರ್ಚಿನ ಸಾವಿನ ಪುಸ್ತಕ ಮನೆತನದ ಹೆಸರಿನ ಅಕ್ಷರವಾರು ಬರೆದದ್ದು. ಅದರಲ್ಲಿ ಮಲ್ಕೆರಿನ್ ಇರಬೇಕಾದ ಹಾಳೆಗಳನ್ನು ಡೀಲಿಯಾ ಎಷ್ಟು ಸಲ ತಿರುವಿದ್ದಳೋ. ಗಂಡ ಸಿಕ್ಕಿದ್ದ, ನಾದಿನಿ ಸಿಕ್ಕಿದ್ದಳು, ಹೊನೋರಾ ಮಾತ್ರ ಇಲ್ಲ. ಕೌಂಟಿ ಕಚೇರಿ, ಜನಗಣತಿ, ಹಳೇ ಪತ್ರಿಕೆ ಯಾವುದನ್ನೂ ಬಿಟ್ಟಿರಲಿಲ್ಲ. ಅಣ್ಣನ ಮಾತೇ ನಿಜವಿರಬಹುದೇ ಎಂದು ಒಳಗೊಳಗೇ ಅಳುಕೂ ಹುಟ್ಟಿತ್ತು.

ಲೆಂಟ್ ಉಪವಾಸದ ದಿನಗಳಲ್ಲಿ ಪಕ್ಕದ ಬೀದಿಯ ರೂತ್ ಹ್ಯಾನ್ಲನ್ ಬಂದು ತನ್ನ ವಂಶವನ್ನೂ ಹುಡುಕಿಕೊಡು ಎಂದಳು. ಡೀಲಿಯಾ ಅವಳನ್ನು ಚರ್ಚಿಗೆ ಕರೆದೊಯ್ದು, ದೀಕ್ಷಾಸ್ನಾನದ ಪುಸ್ತಕ ತೆಗೆದು ಹ್ಯಾನ್ಲನ್ ಮಗುವೊಂದರ ಸಾಲು ಓದಿದಳು. ವರ್ಷ 1848. ದೀಕ್ಷೆಯ ಹೊತ್ತು ಮಗುವಿನ ಹೊಣೆ ಹೊತ್ತು ನಿಂತ ಜ್ಞಾನತಾಯಿ: ಹೊನೋರಾ ಫೀರಿಕ್.

ಫೀರಿಕ್ ಹೊನೋರಾಳ ತವರಿನ ಹೆಸರು. ಅದು ಡೀಲಿಯಾಗೆ ಗೊತ್ತಿದ್ದದ್ದೇ. ಆದರೆ 1848ಕ್ಕೆ ಅವಳ ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು, ಎರಡು ಮಕ್ಕಳೂ ಆಗಿದ್ದವು. ಡೀಲಿಯಾ ಹಾಳೆ ಮೇಲೆ ಹಾಳೆ ತಿರುವಿದಳು. ಹಡಗು ಹತ್ತಿ ಬಂದ ಆ ಕಾಲದ ಹೆಂಗಸರೆಲ್ಲ, ಮೂರು ಮಕ್ಕಳ ತಾಯಂದಿರೂ, ತವರಿನ ಹೆಸರಲ್ಲೇ ನಿಂತಿದ್ದರು. ಅವರು ಬಿಟ್ಟುಬಂದ ಊರಿನ ರೂಢಿಯೇ ಅದು. ಹುಟ್ಟಿದ ಹೆಸರನ್ನು ಹೆಣ್ಣು ಗಂಡನ ಮನೆಯಲ್ಲೂ ಬಿಡುತ್ತಿರಲಿಲ್ಲ. ಅಮೆರಿಕದವರಾಗಿ ಬೆಳೆದ ಮೊಮ್ಮಕ್ಕಳಿಗೆ ಅದು ಮರೆತೇಹೋಗಿತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಒಂಬತ್ತು ವರ್ಷ ತಪ್ಪು ವಿಳಾಸಕ್ಕೆ ಕಾಗದ ಹಾಕ್ತಿದ್ದೆ ಕಣೇ ರೂತ್," ಎಂದು ಡೀಲಿಯಾ ಸಾವಿನ ಪುಸ್ತಕವನ್ನು ಎಳೆದುಕೊಂಡಳು. ಅದುವರೆಗೆ ತೆರೆಯದೇ ಇದ್ದ ಫೀರಿಕ್‌ಗಳ ಹಾಳೆ ತೆರೆದಳು.

ಸಾಲು ಅಲ್ಲೇ ಇತ್ತು. ಹೊನೋರಾ ಫೀರಿಕ್, ಥಾಮಸ್ ಮಲ್ಕೆರಿನ್‌ನ ವಿಧವೆ, ವಯಸ್ಸು ಇಪ್ಪತ್ತೈದು. 1849ರ ಆಗಸ್ಟ್. ಕೆಳಗೆ ಪಾದ್ರಿ ಲ್ಯಾಟಿನ್‌ನಲ್ಲಿ ಒಂದು ಸಾಲು ಹೆಚ್ಚು ಬರೆದಿದ್ದ: ರೋಗಿಗಳ ಷೆಡ್ಡಿಗೆ ಯಾರೂ ಬರಲೊಪ್ಪದಾಗ ತಾನಾಗಿ ಬಂದಳು, ಹತ್ತೊಂಬತ್ತು ದಿನ ಆರೈಕೆ ಮಾಡಿದಳು, ಕಾಲರಾದಿಂದಲೇ ತೀರಿಕೊಂಡಳು.

ಮಕ್ಕಳಿಗೆ ರೋಗ ಅಂಟಬಾರದೆಂದು ನಾದಿನಿಯ ಮನೆಯಲ್ಲಿ ಬಿಟ್ಟಿದ್ದಳು. ಬಿಟ್ಟುಹೋದಳೆಂಬುದು ನಿಜ. ಆ ಸಿಟ್ಟಿಗೋ ಸಂಕಟಕ್ಕೋ ನಾದಿನಿ ಅಷ್ಟನ್ನೇ ಹೇಳಿಕೊಂಡಿರಬೇಕು. ದೋಣಿಯವನನ್ನು ಸೇರಿಸಿದ್ದು ಆಮೇಲಿನ ನಾಲಿಗೆಗಳು. ಡೀಲಿಯಾ ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ರಕ್ತ ತನ್ನದೂ ಎಂಬ ಹೆಮ್ಮೆಗೆ ಅವಳ ಎದೆ ಉಬ್ಬಿಬಂತು.

ಕಾನ್ ಆ ಸಾಲಿನ ಪ್ರತಿಯನ್ನು ಕನ್ನಡಕ ಒರೆಸಿ ಒರೆಸಿ ಎರಡು ಸಲ ಓದಿದ. ಆಮೇಲೆ, "ಕಲ್ಲು ನಾನು ಹಾಕಿಸ್ತೀನಿ ಡೀಲ್. ಹೊನೋರಾ ಮಲ್ಕೆರಿನ್ ಅಂತ ದೊಡ್ಡದಾಗಿ ಕೆತ್ತಿಸ್ತೀನಿ," ಎಂದ.

"ಫೀರಿಕ್ ಅಂತ ಕೆತ್ತಿಸು. ಆ ಇನ್ನೊಂದು ಹೆಸರಲ್ಲಿ ಒಂಬತ್ತು ವರ್ಷ ಕೂಗಿದೀನಿ, ಅವಳು ಓಗೊಡ್ಲಿಲ್ಲ."

ಜೂನ್‌ನಲ್ಲಿ ಕಲ್ಲು ನಿಂತಿತು. ಪಾದ್ರಿ ಪವಿತ್ರಜಲ ಚಿಮುಕಿಸಿ ಮುಗಿಸುವ ಮೊದಲೇ ಊನಾಳ ಫೋನು ಬಡಿದುಕೊಂಡಿತು. ಅವಳು ಅಪ್ಪನ ಕಡೆ ಅಳುಕುತ್ತಲೇ ನೋಡಿ, ಮಕ್ಕಳನ್ನು ಡೀಲಿಯಾಳ ಕೈಗೊಪ್ಪಿಸಿ ಕಾರಿನತ್ತ ಓಡಿದಳು.

ನೆರೆದವರೆಲ್ಲ ಕಾನ್‌ನ ಮುಖ ನೋಡಿದರು. ಅವನು ಟೋಪಿ ತೆಗೆದು ಎದೆಗೊತ್ತಿಕೊಂಡ.

"ನನ್ನ ಮಗಳು," ಎಂದ, ಕೊನೆಯ ಸಾಲಿನವರಿಗೂ ಕೇಳುವ ಹಾಗೆ. "ಹೊನೋರಾ ಬುದ್ಧಿ!"